ಸವಣೂರಿನ ಖಣ, ಪರದೇಶದ ಮನೆ

ಶಿವೂ, ನೀಲಾ,

ಹೋದ ವಾರ ನೀವಿಬ್ಬರೂ ನನ್ನ ಟ್ರಂಕಿನಲ್ಲಿ ಹೊಲಿಗೆ ದಾರ ಹುಡುಕುತ್ತ ಒಂದು ಹಸಿರು ಖಣ ಹೊರಗೆ ತೆಗೆದಿರಿ. ಹೊಲಿಸದೆ ಇಟ್ಟ ಕುಪ್ಪಸದ ಬಟ್ಟೆ. "ಆಯೀ, ಇದು ಯಾರಿಗೆ ಇಟ್ಟದ್ದು?" ಎಂದು ನೀಲಾ ಕೇಳಿದಳು. ನಾನು ಉತ್ತರ ಕೊಡದೆ ಅದನ್ನು ಕಸಿದುಕೊಂಡು ಟ್ರಂಕಿಗೆ ಕೀಲಿ ಹಾಕಿದೆ. ನಿಮ್ಮ ಮೋರೆ ಸಣ್ಣದಾದದ್ದು ಕಂಡಿತು. ಬಾಯಿಯಿಂದ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಮಂದಿ ಎದುರಿಗೆ ಕೂತರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದರಿಂದ ಬರೆಯುವುದು ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಅಮೆರಿಕಕ್ಕೆ ಹೋಗಿ ಬಂದವಳೆಂದು ಗೊತ್ತಾದರೆ ಜನ ಅಲ್ಲಿಯ ಎತ್ತರದ ಕಟ್ಟಡ, ದೊಡ್ಡ ಸೇತುವೆ ಕೇಳುತ್ತಾರೆ. ಅವುಗಳಲ್ಲಿ ಯಾವುದನ್ನೂ ನಾನು ನೋಡಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಐದು ತಿಂಗಳು ಇದ್ದೆ. ಅಲ್ಲಿ ಒಂದು ಮನೆ ಏಳುವುದನ್ನು ನೋಡಿದೆ. ಆ ಮನೆ ನನ್ನ ಮಗಳ ಕೈಗೆ ಬರುವುದೋ ಇಲ್ಲವೋ ಎಂದು ಕಾದೆ. ನನ್ನ ಪ್ರವಾಸವೆಂದರೆ ಅಷ್ಟೇ.

ಹಾನಗಲ್ಲಿನಿಂದ ಹೊರಡುವ ಮುಂಚೆ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಪ್ಪನಿಗೆ ಇನ್ನೂ ಲಗ್ನವಾಗಿರಲಿಲ್ಲ. ನನ್ನ ಹಿರಿಯ ಮಗಳನ್ನು, ಅಂದರೆ ನಿಮ್ಮ ಗಿರಿಜತ್ತಿಯನ್ನು, ಹಿರೇಕೆರೂರಿನ ಈರಪ್ಪನವರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಈರಪ್ಪನವರ ಅಕ್ಕ ನರ್ಸ್ ಕೆಲಸಕ್ಕೆ ಆ ದೇಶಕ್ಕೆ ಹೋದವಳು, ಕಾಗದಪತ್ರ ಮಾಡಿ ತಮ್ಮನನ್ನು ಕರೆಸಿಕೊಂಡಿದ್ದಳು. ಅಕ್ಕ ಇದ್ದದ್ದು ದೂರದ ಇನ್ನೊಂದು ರಾಜ್ಯದಲ್ಲಿ; ಈರಪ್ಪನವರು ಕ್ಯಾಲಿಫೋರ್ನಿಯಾದಲ್ಲಿ ಹಣ್ಣುಗಳನ್ನು ಹೆಚ್ಚಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು.

ಗಿರಿಜಾ ಬಸುರಿಯೆಂದು ಪತ್ರ ಬಂತು. ಊರಿಗೆ ಬರಲು ಆಗುವುದಿಲ್ಲ, ನೀನೇ ಬಾ ಎಂದು ಬರೆದಿದ್ದಳು. ಕೊನೆಯಲ್ಲಿ ಇನ್ನೊಂದು ಸಾಲಿತ್ತು. "ಅವ್ವಾ, ನಮಗೊಂದು ಮನೆ ಸಿಗುವ ಆಸೆ ಇದೆ. ಸಿಕ್ಕರೆ ನನ್ನ ಕೂಸು ನನ್ನ ಹಾಗೆ ಮಂದಿಯ ಪಡಸಾಲೆಯಲ್ಲಿ ಬೆಳೆಯುವುದು ತಪ್ಪುತ್ತದೆ."

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಪಾಸ್‌ಪೋರ್ಟಿಗೆ ಫೋಟೋ ಬೇಕಾಗಿತ್ತು. ಶಿಗ್ಗಾಂವಿಯಲ್ಲಿ ನನ್ನ ತಂಗಿಯ ಮನೆಗೆ ಹೋದಾಗ ತೆಗೆಸಿದೆ. ಫೋಟೋದವನು, "ತಲಿ ಮ್ಯಾಲಿನ ಸೆರಗ ತಗೀರಿ ಅವ್ವಾರ, ಕಿವಿ ಕಾಣಬೇಕು," ಅಂದ.

"ಕಿವಿ ನೋಡಿ ಏನ್ ಮಾಡ್ತಾರಪಾ?"

"ಹೇಳಿದ ಮಾತು ಕೇಳ್ತೀರೋ ಇಲ್ಲೋ ಅಂತ ನೋಡಾಕ ಇರಬೇಕ್ರಿ."

ನನಗೆ ನಗು ಬಂತು. ನಕ್ಕ ಫೋಟೋ ನಡೆಯುವುದಿಲ್ಲವೆಂದು ಮತ್ತೊಂದು ತೆಗೆದ.

ಹಿರೇಕೆರೂರಿನ ಬೀಗತಿ ಕೂಸಿನ ತಲೆಗೆ ಕಟ್ಟಲು ಒಂದು ಕುಂಚಿಗೆ ಹೊಲಿದಿಟ್ಟಿದ್ದರು. ಅದನ್ನು ನನ್ನ ಕೈಗೆ ಕೊಡುತ್ತ, "ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರಿ. ಅಕಿ ಬರಾಕ ಆಗಂಗಿಲ್ಲ ಅಂದ್ರ ತವರಮನಿನ ಅಕಿ ಕಡೆ ಹೋಗಲಿ," ಅಂದರು. ಒಂದು ಗಂಟಿನಷ್ಟು ಸಾಮಾನು ಹೊತ್ತು ಹೋಗುವ ನಾನೇ ಆ ತವರುಮನೆ.

ಸವಣೂರಿನಲ್ಲಿ ಖಣ ಕೊಂಡೆ. ಅಲ್ಲಿ ಇಮಾಮಸಾಬ ಎಂಬುವರ ಅರಿವೆ ಅಂಗಡಿ ನಮಗೆ ಹಳೆಯ ಪರಿಚಯ. ಗಿರಿಜಾಳಿಗೆಂದು ಎರಡು ಕೇಳಿದೆ. ಅವರು ನಾಲ್ಕು ಮಡಚಿಟ್ಟರು.

"ಎರಡ ಸಾಕ್ರಿ ಸಾಹೇಬ್ರ."

"ಸಮುದ್ರ ದಾಟಿ ಹೊಂಟೀರಿ ಅವ್ವಾರ. ಅಲ್ಲಿ ಮನಿಗೆ ಹೆಣ್ಣಮಕ್ಕಳು ಯಾರೂ ಬರಂಗಿಲ್ಲೇನು? ಬಂದಾಕೀನ ಖಾಲಿ ಉಡಿಲೆ ಕಳಸ್ತೀರೇನು? ಅಷ್ಟು ದೂರದಿಂದ ನನ್ನ ಅಂಗಡಿಗೆ ತಿರುಗಿ ಬರಾಕ ಆಗತೈತೇನು ಹೇಳ್ರಿ."

ಅವರ ಮಾತು ನನಗೆ ಸರಿಯೆನಿಸಿತು. ನಾಲ್ಕೂ ಕಟ್ಟಿಸಿಕೊಂಡೆ. ಅದರ ಜೊತೆಗೆ ಒಂದು ಕಟ್ಟು ಸವಣೂರ ವೀಳ್ಯದೆಲೆ.

ಇಳಿದಲ್ಲಿ

ವಿಮಾನದಲ್ಲಿ ನಾನು ಏನೂ ತಿನ್ನಲಿಲ್ಲ. ಕೊಡಲು ಬಂದ ಹುಡುಗಿ ಏನೋ ಕೇಳಿದಳು, ನಾನು ಕೈಮುಗಿದೆ. ಬೇಡವೆಂದು ತಿಳಿದು ಅವಳು ಮುಂದೆ ಹೋದಳು. ಮತ್ತೆ ಬಂದಳು, ಮತ್ತೆ ಕೈಮುಗಿದೆ. ಮೂರನೆಯ ಸಲ ಅವಳೂ ಕೈಮುಗಿದಳು.

ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಬಾಣಂತಿಗೆಂದು ಮಾಡಿದ್ದ ಅಂಟಿನ ಉಂಡೆಯನ್ನು ಮೂಸಿ ನೋಡಿ ಇನ್ನೊಬ್ಬನಿಗೆ ಮೂಸಲು ಕೊಟ್ಟ. ವೀಳ್ಯದೆಲೆಯನ್ನು ಮಾತ್ರ ಬಿಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ನೀರು ಚಿಮುಕಿಸಿ ಬಾಡದಂತೆ ತಂದಿದ್ದೆ. ಕೈಗೆ ಚೀಲ ಹಾಕಿಕೊಂಡು, ಸತ್ತ ಇಲಿ ಹಿಡಿದ ಹಾಗೆ ಹಿಡಿದು ತೊಟ್ಟಿಗೆ ಹಾಕಿದ. ಹಸಿ ಎಲೆಯ ಜೊತೆ ರೋಗ ಬರುತ್ತದಂತೆ. ಖಣಗಳನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿದ. ತಿರುಗಿ ಮಡಚಲು ಬರಲಿಲ್ಲ. ನಾನೇ ಅಲ್ಲಿ ನಿಂತು ನಾಲ್ಕನ್ನೂ ಮಡಚಿಕೊಂಡೆ. ಹಿಂದೆ ಸರತಿಯಲ್ಲಿ ನಿಂತವರು ಒಬ್ಬರೂ ಬೇಸರದ ಮಾತಾಡಲಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಇಷ್ಟರಲ್ಲಿ ಹಿಂದಿನವರು ನನ್ನ ಗಂಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿರುತ್ತಿದ್ದರು.

ಕಾರಿನ ಕೋಣೆ

ಗಿರಿಜಾ ಇದ್ದದ್ದು ಒಂದು ಮನೆಯ ಹಿತ್ತಲಲ್ಲಿ, ಕಾರು ನಿಲ್ಲಿಸಲು ಕಟ್ಟಿದ ಕೋಣೆಯಲ್ಲಿ. ಮುಂದಿನ ಗೋಡೆಯೇ ಬಾಗಿಲು. ಅದನ್ನು ಮೇಲಕ್ಕೆತ್ತಿದರೆ ಇಡೀ ಸಂಸಾರ ಬೀದಿಗೆ ಕಾಣುತ್ತಿತ್ತು. ಆದ್ದರಿಂದ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಬಾಗಿಲಿತ್ತು. ಕಿಟಕಿ ಇರಲಿಲ್ಲ. ನೆಲದ ಮೇಲೆ ಹಳೆಯ ಎಣ್ಣೆಯ ಕಲೆ. ಗಿರಿಜಾ ಅದರ ಮೇಲೆ ಚಾಪೆ ಹಾಕಿದ್ದಳು. ಅಡುಗೆ ಒಂದು ಮೂಲೆಯಲ್ಲಿ, ಮಲಗುವುದು ಇನ್ನೊಂದು ಮೂಲೆಯಲ್ಲಿ, ನಡುವೆ ಅವಳ ಲಗ್ನದ ಸೀರೆಯ ಪರದೆ. ಸ್ನಾನಕ್ಕೆ ಮುಂದಿನ ಮನೆಗೆ ಹೋಗಬೇಕು. ಹೊಟ್ಟೆ ಹೊತ್ತು, ತಂಬಿಗೆ ಹಿಡಿದು ಅವಳು ಹಿತ್ತಲು ದಾಟುವುದನ್ನು ನೋಡಿದಾಗ ನಾನು ಮುಖ ತಿರುಗಿಸಿಕೊಂಡೆ. ಹಾನಗಲ್ಲಿನ ಜನ ಇವಳನ್ನು ಭಾಗ್ಯವಂತೆ ಅನ್ನುತ್ತಿದ್ದರು.

ಮುಂದಿನ ಮನೆಯಾಕೆ ಡೋರಿಸ್ ಎಂಬ ಮುದುಕಿ. ಅವಳಿಗೊಂದು ನಾಯಿ. ದಿನಕ್ಕೆ ಎರಡು ಸಲ ಅದನ್ನು ತಿರುಗಾಡಿಸಿ, ಅದು ಮಾಡಿದ್ದನ್ನು ತಾನೇ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದಳು. ನಾನು ಹೋದ ಮರುದಿನ ನನ್ನನ್ನು ನೋಡಲು ಬಂದಳು. ಕೇಕು ತಂದಿದ್ದಳು. ಕೂತು ಮಾತಾಡಿ, ಹೋಗುವಾಗ, ಕೂಸು ಹುಟ್ಟಿದ ಎರಡು ತಿಂಗಳೊಳಗೆ ಕೋಣೆ ಬಿಡಬೇಕೆಂದು ಇನ್ನೊಮ್ಮೆ ನೆನಪಿಸಿದಳು. ಕಾರಿನ ಕೋಣೆಯಲ್ಲಿ ಕೂಸನ್ನು ಇಟ್ಟರೆ ನಗರಸಭೆಯವರು ಅವಳನ್ನೇ ಹಿಡಿಯುತ್ತಾರಂತೆ. ಅದನ್ನೂ ನಗುನಗುತ್ತಲೇ ಹೇಳಿದಳು. ಅಲ್ಲಿಯ ಜನರ ನಗುವಿಗೂ ಮಾತಿಗೂ ಸಂಬಂಧವಿಲ್ಲವೆಂದು ನನಗೆ ಆಗ ತಿಳಿಯಿತು.

ಅವಳು ಎದ್ದಾಗ ನಾನು ಗಿರಿಜಾಳ ಕಿವಿಯಲ್ಲಿ, "ಉಡಿ ತುಂಬು," ಅಂದೆ. "ಅಕೀಗೆ ಗಂಡ ಅದಾನೇನು?"

"ಅದಾನವ್ವಾ. ಮೂರನೇದಾವ."

ಮೂರನೆಯವನಾದರೂ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಗಿರಿಜಾ ಅಕ್ಕಿ, ತೆಂಗಿನಕಾಯಿ, ಖಣ, ಅದರ ಮೇಲೆ ನಮ್ಮ ಪದ್ಧತಿಯ ಹಾಗೆ ಒಂದು ಕಾಸು ಇಡಬೇಕಲ್ಲ, ಒಂದು ಡಾಲರಿನ ನೋಟು ಇಟ್ಟು ಉಡಿ ತುಂಬಿದಳು. ಡೋರಿಸ್ ಅಂಗಿಯ ತುದಿ ಹಿಡಿದು, ಅಕ್ಕಿ ಚೆಲ್ಲದ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತ ಹೋದಳು. ಇಂಥವಳಿಗೂ ಕೊಡಬೇಕೇ ಎಂದು ನನ್ನ ಮನಸ್ಸು ಕೇಳಲಿಲ್ಲ. ಮನೆಗೆ ಬಂದ ಮುತ್ತೈದೆ ಬರಿಗೈಲಿ ಹೋಗಬಾರದು, ಅಷ್ಟೇ ನನಗೆ ಗೊತ್ತಿದ್ದದ್ದು.

ಕಟ್ಟಿಗೆಯ ಮನೆಗಳು

ಗಿರಿಜಾ ಅರ್ಜಿ ಹಾಕಿದ್ದ ಮನೆಗಳು ಏಳುತ್ತಿದ್ದ ಜಾಗ ನಾಲ್ಕು ಬೀದಿ ಆಚೆಗಿತ್ತು. ದಿನಾ ಸಂಜೆ ಗಿರಿಜಾಳಿಗೆ ನಡೆದಾಡಿದ ಹಾಗೂ ಆಗುತ್ತದೆಂದು ಅಲ್ಲಿಯವರೆಗೆ ಹೋಗುತ್ತಿದ್ದೆವು. ಒಂದರ ಮೇಲೊಂದು ಎರಡು ಅಂತಸ್ತು, ಸಾಲಾಗಿ ಸುಮಾರು ಮೂವತ್ತು ಮನೆ. ಕಲ್ಲಿಲ್ಲ, ಇಟ್ಟಂಗಿಯಿಲ್ಲ. ಬರೀ ಕಟ್ಟಿಗೆಯ ಚೌಕಟ್ಟು, ಅದಕ್ಕೆ ಹಲಗೆ ಬಡಿಯುತ್ತಿದ್ದರು. ನನಗೆ ಭಯವೇ ಆಯಿತು. "ಇದು ಮಳಿಗೆ ನಿಂದರತೈತೇನ?" ಎಂದು ಕೇಳಿದೆ.

"ಇಲ್ಲಿ ಮನಿ ಮಳಿಗೆ ಬೀಳೂದಿಲ್ಲವ್ವಾ," ಅಂದಳು. ಅವಳು ಯಾವುದನ್ನು ನೆನೆದು ಹೇಳಿದಳೆಂದು ನನಗೆ ಗೊತ್ತಿತ್ತು.

ಒಂದು ದಿನ ಈರಪ್ಪನವರು ರಜೆಯ ಮೇಲಿದ್ದರು, ಅವರೂ ಬಂದರು. ನಾನು ಅಳಿಯನ ಜೊತೆ ನೇರ ಮಾತಾಡಿದವಳಲ್ಲ. ಆದರೆ ಈ ಮನೆಗಳ ವಿಷಯ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

"ಇವನ್ನ ಸರಕಾರ ಕಟ್ಟಸಾಕತ್ತೈತೇನ್ರಿ? ನಮ್ಮ ಕಡೆ ಜನತಾ ಮನಿ ಕಟ್ಟಿಸಿದಂಗ?"

"ಇಲ್ರಿ ಅತ್ತಿಯವರ. ಸರಕಾರ ಒಂದು ಮೊಳಿ ಸುದ್ದಾ ಬಡಿಯೂದಿಲ್ಲ. ಕಟ್ಟಾವ್ರು ಬ್ಯಾರೇ, ರೊಕ್ಕಾ ಹಾಕಾವ್ರು ಬ್ಯಾರೇ. ಅವರು ಸಾವಕಾರ ಮಂದಿ."

"ಸಾವಕಾರಗ ಬಡವರ ಮ್ಯಾಲೆ ಅಷ್ಟು ಮಾಯೆ ಯಾಕ ಬಂತ್ರಿ?"

ಅವರು ನಕ್ಕರು. "ಮಾಯೆ ಅಲ್ರಿ, ತೆರಿಗಿ. ಅವರು ವರ್ಷಾ ಸರಕಾರಕ್ಕ ಗಂಟುಗಟ್ಟಲೆ ತೆರಿಗಿ ಕಟ್ಟಬೇಕು. ಸರಕಾರ ಏನಂತೈತಿ ಅಂದ್ರ, ನೀ ಕಡಿಮಿ ಬಾಡಿಗಿ ಮನಿಗೆ ರೊಕ್ಕಾ ಹಾಕು, ನಿನ್ನ ತೆರಿಗ್ಯಾಗ ಇಷ್ಟು ಬಿಡ್ತೇನಿ. ನಮ್ಮಲ್ಲೆ ದಿಲ್ಲಿ, ಬೆಂಗಳೂರು ಇದ್ದಂಗ ಇಲ್ಲೂ ಎರಡ ಸರಕಾರ. ದೊಡ್ಡ ಸರಕಾರ ಒಂದಿಷ್ಟು ಬಿಡತೈತಿ. ಅದು ಸಾಲೂದಿಲ್ಲ ಅಂತ ಈ ರಾಜ್ಯದ ಸರಕಾರನೂ ತನ್ನ ತೆರಿಗ್ಯಾಗ ಇನ್ನೊಂದಿಷ್ಟು ಬಿಡಾಕತ್ತೈತಿ. ಇದು ಹೊಸಾ ಕಾಯಿದೆ."

"ತೆರಿಗಿ ಬಿಡಿಸಿಕೊಂಡ ಮ್ಯಾಲೆ ಸಾವಕಾರ ಬಡವರನ್ನ ಹೊರಗ ಹಾಕಿ ಶ್ರೀಮಂತರನ್ನ ಇಟ್ರ?"

"ಅದಕ್ಕ ಪಹರೆ ಐತ್ರಿ. ಎಷ್ಟೋ ವರ್ಷ ಹದ್ದು ಮೀರಿ ಬಾಡಿಗಿ ಏರಸಂಗಿಲ್ಲ. ಯಾರನ್ನ ಇಟ್ಟಾರ, ಅವರ ದುಡಿಮಿ ಎಷ್ಟು ಅಂತ ವರ್ಷಾ ತಪಾಸ ಆಗತೈತಿ. ಒಬ್ಬ ತಪ್ಪು ಮನಶ್ಯಾನ್ನ ಒಳಗ ಬಿಟ್ರೂ ಬಿಟ್ಟ ತೆರಿಗಿ ತಿರುಗಿ ಕಕ್ಕಬೇಕು."

"ಹಂಗಂದ್ರ ಇದು ನಮ್ಮಪ್ಪನ ಕೆರಿ ಹೊಲ ಇದ್ದಂಗ. ಕೆರಿ ಕಾಯೂತನಕ ಕಂದಾಯ ಇಲ್ಲ," ಅಂದೆ.

ಇದು ನಿಮಗೆ ಗೊತ್ತಿಲ್ಲ. ನನ್ನ ತವರಿನವರು ಊರ ಕೆರೆಯ ತೂಬು ಕಾಯುವವರು. ಆ ಕೆಲಸಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಯಾರೋ ಆಳಿದವರು ಕೆರೆಯ ಕೆಳಗಿನ ಒಂದು ಹೊಲಕ್ಕೆ ಕಂದಾಯ ಬಿಟ್ಟಿದ್ದರು. ಕೆರೆ ನೋಡಿಕೊಂಡಿರುವವರೆಗೆ ಹೊಲಕ್ಕೆ ಕಂದಾಯವಿಲ್ಲ. ಬೇಸಿಗೆಯಲ್ಲಿ ನಮ್ಮ ಅಪ್ಪ ತೂಬಿನ ಹೂಳು ತೆಗೆಯಲು ಹೊರಟರೆ ಜ್ವರವಿದ್ದರೂ ನಿಲ್ಲುತ್ತಿರಲಿಲ್ಲ. ಒಂದು ವರ್ಷ ತಡವಾದದ್ದಕ್ಕೆ ಊರ ಹಿರಿಯರು ಮನೆಯ ಮುಂದೆ ಬಂದು ನಿಂತಿದ್ದರು. ಅವರ ಎದುರಿಗೆ ಅಪ್ಪ ತಲೆ ತಗ್ಗಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಬಿಟ್ಟ ಕಂದಾಯವೆಂದರೆ ಪುಕ್ಕಟೆ ಸಿಕ್ಕದ್ದಲ್ಲ, ಊರಿನ ಕಣ್ಣು ಸದಾ ಮೈಮೇಲೆ ಇರುವ ಕೆಲಸ ಅದು.

ಈರಪ್ಪನವರು ನನ್ನನ್ನು ನೋಡಿ, "ಕಾರ್ಖಾನ್ಯಾಗ ನಾಕು ದಿನ ಹೇಳಿದ್ರು, ನನಗ ತಿಳಿದಿರಲಿಲ್ಲ. ನೀವು ಒಂದ ಮಾತಿನ್ಯಾಗ ಹೇಳಿದ್ರಿ ನೋಡ್ರಿ," ಅಂದರು. ಅಳಿಯನ ಬಾಯಿಯಿಂದ ಹೊಗಳಿಕೆ ಕೇಳಿ ನನಗೆ ಸೆರಗು ಎಲ್ಲಿ ಹೊದ್ದುಕೊಳ್ಳಲಿ ಅನ್ನಿಸಿತು.

ಕ್ಯಾರಲ್ ಬಂದ ದಿನ

ಆ ಮನೆಗಳಿಗೆ ಅರ್ಜಿ ಹಾಕಿದವರನ್ನು ನೋಡಿ ಕಡತ ಬರೆಯುವ ಕೆಲಸ ಕ್ಯಾರಲ್ ಎಂಬ ಹೆಂಗಸಿನದು. ಅವಳು ನಮ್ಮ ಕೋಣೆಗೆ ಬರುವ ದಿನ ಗೊತ್ತಾಯಿತು. ಆ ವಾರವೆಲ್ಲ ನನಗೆ ಹಳೆಯದೊಂದು ನೆನಪಾಗುತ್ತಿತ್ತು. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಿಮ್ಮ ಅಜ್ಜ ತೀರಿಕೊಂಡಾಗ ನನಗೆ ಇಪ್ಪತ್ತೊಂಬತ್ತು. ಗಿರಿಜಾಳಿಗೆ ಎಂಟು, ನಿಮ್ಮ ಅಪ್ಪನಿಗೆ ಐದು. ಮುಂದಿನ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು. ಆಗ ಹೊಸದಾಗಿ ಜನತಾ ಮನೆಗಳು ಬರುತ್ತಿದ್ದವು. ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆಂದು ತಿರುಗುತ್ತಿದ್ದವನೊಬ್ಬ ನಮ್ಮ ಬಾಗಿಲಿಗೂ ಬಂದ. ಅವನು ಅಧಿಕಾರಿಯಲ್ಲ, ನಡುವಿನವನು. "ಕೈ ಬಿಸಿ ಮಾಡ್ರಿ, ಇಲ್ಲಾಂದ್ರ ಆಗೂದಿಲ್ಲ," ಅಂದ. ನನ್ನ ಕೊರಳಲ್ಲಿ ಉಳಿದಿದ್ದ ಒಂದೆಳೆ ಚಿನ್ನದ ಮೇಲೆ ಅವನ ಕಣ್ಣಿತ್ತು. ನಾನು ಕೊಡಲಿಲ್ಲ. ಅದು ಧೈರ್ಯದಿಂದ ಅಲ್ಲ. ಅವನೊಂದಿಗೆ ಮಾತಾಡಲು ನಾಚಿಕೆಯಾಗಿ ಬಾಗಿಲು ಮುಂದೆ ಮಾಡಿದೆ, ಅಷ್ಟೇ. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅದು ಅವನಿಂದಲೋ, ನಾನು ಕಚೇರಿಗೆ ಹೋಗಿ ಕೇಳದೆ ಇದ್ದದ್ದರಿಂದಲೋ, ಇವತ್ತಿಗೂ ಗೊತ್ತಿಲ್ಲ. ಒಂಬತ್ತು ವರ್ಷ ನಾವು ನನ್ನ ಅಣ್ಣನ ಮನೆಯ ಪಡಸಾಲೆಯಲ್ಲಿ ಇದ್ದೆವು. ನೆಂಟರು ಬಂದಾಗಲೆಲ್ಲ ಗಿರಿಜಾ ತನ್ನ ಪುಸ್ತಕ, ಹಾಸಿಗೆ ಸುತ್ತಿಕೊಂಡು ಗೋಡೆಗೆ ಸರಿಯುತ್ತಿದ್ದಳು.

ಕ್ಯಾರಲ್ ನಾನು ಅಂದುಕೊಂಡ ಹಾಗೆ ಇರಲಿಲ್ಲ. ದಪ್ಪ ಮೈ, ಕೆಂಪು ಮುಖ, ಬೆರಳಲ್ಲಿ ಲಗ್ನದ ಉಂಗುರ, ಕೈಯಲ್ಲಿ ಕಡತ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದಳು. ಅಷ್ಟಕ್ಕೇ ನನ್ನ ಮನಸ್ಸು ಅವಳ ಕಡೆ ಹೋಯಿತು. ಎಣ್ಣೆ ಕಲೆ ನೋಡಿದಳು, ಕಿಟಕಿಯಿಲ್ಲದ ಗೋಡೆ ನೋಡಿದಳು, ಗಿರಿಜಾಳ ಹೊಟ್ಟೆ ನೋಡಿದಳು. ಮನೆಯಲ್ಲಿ ಇರುವವರೆಲ್ಲರ ದುಡಿಮೆ ಕೇಳಿದಳು. ನನ್ನ ಕಡೆ ಬೆರಳು ಮಾಡಿದಾಗ ಗಿರಿಜಾ, ಇವಳು ನೋಡಲು ಬಂದವಳು, ತಿರುಗಿ ಹೋಗುತ್ತಾಳೆ ಅಂದಳು. ನನ್ನ ದುಡಿಮೆಯನ್ನೂ ಕೇಳುತ್ತಿದ್ದಾಳೆಂದು ತಿಳಿದು, ಏನನ್ನೂ ಮುಚ್ಚಿಡಬಾರದೆಂದು ನಾನು, "ಎರಡು ಎಮ್ಮಿ ಅದಾವು ಅಂತ ಹೇಳು. ಒಂದು ಈಗ ಗಬ್ಬ ಐತಿ," ಅಂದೆ. ಗಿರಿಜಾ ನಗು ತಡೆಯಲಾಗದೆ ಅದನ್ನು ಹೇಳಿದಳು. ಕ್ಯಾರಲ್ ಬರೆಯಲೋ ಬೇಡವೋ ಎಂದು ಪೆನ್ನು ಎತ್ತಿ ಹಿಡಿದೇ ಕೂತಳು.

ಕೆಲಸ ಮುಗಿಸಿ ಎದ್ದಳು. ನಾನು ಪರದೆಯ ಹಿಂದೆ ಸರಿದು ಅಲ್ಲಿಂದಲೇ, "ಉಡಿ ತುಂಬಿ ಕಳಸು," ಅಂದೆ.

"ಬ್ಯಾಡವ್ವಾ. ಇದು ಕಚೇರಿ ಕೆಲಸ. ಇಲ್ಲಿ ನಡಿಯೂದಿಲ್ಲ."

"ಕಚೇರಿ ಅಕೀದು, ಮನಿ ನಮ್ಮದು. ಬಸುರಿ ಹೆಂಗಸು ಮನಿಯಿಂದ ಮುತ್ತೈದೀನ್ನ ಹಂಗ ಕಳಸಬಾರದು. ಕೂಸಿಗೆ ಒಳ್ಳೇದಲ್ಲ."

ಕೂಸಿನ ಹೆಸರು ಎತ್ತಿದೆ. ಅದೇ ನಾನು ಮಾಡಿದ ತಪ್ಪು. ಗಿರಿಜಾ ಉಳಿದಿದ್ದ ಹಸಿರು ಖಣ ತೆಗೆದಳು. ಅಕ್ಕಿ, ಕಾಯಿ, ಮೇಲೊಂದು ಡಾಲರಿನ ನೋಟು. ಇದನ್ನು ಕೈಗೆ ಕೊಡುವುದಿಲ್ಲ, ಉಡಿಯಲ್ಲಿ ಹಾಕುತ್ತೇವೆ ಎಂದು ಹೇಳಿ ಕ್ಯಾರಲಳಿಗೆ ಕೋಟಿನ ತುದಿ ಹಿಡಿಯಲು ಕಲಿಸಿದಳು. ನಾನು ಹೊರಗೆ ಬರಲಿಲ್ಲ. ಗಂಡ ಸತ್ತವಳು ಬೇರೆಯವರ ಉಡಿ ತುಂಬುವುದಿಲ್ಲ, ಅವಳ ಉಡಿಯನ್ನೂ ಯಾರೂ ತುಂಬುವುದಿಲ್ಲ. ಆ ಹೊತ್ತಿನಲ್ಲಿ ಅವಳು ಎದುರಿಗೂ ನಿಲ್ಲುವುದಿಲ್ಲ. ಪರದೆಯ ಸಂದಿಯಿಂದ ನೋಡಿದೆ. ಕ್ಯಾರಲಳ ಮುಖ ಇನ್ನಷ್ಟು ಕೆಂಪಾಗಿತ್ತು. ಏನೋ ಹೇಳಲು ಬಾಯಿ ತೆಗೆದು, ಗಿರಿಜಾಳ ಹೊಟ್ಟೆ ನೋಡಿ, ಉಡಿ ಹಿಡಿದೇ ಹೋದಳು.

ಕಾಗದ

ನಾಲ್ಕು ದಿನದ ಮೇಲೆ ಕಾಗದ ಬಂತು. ಗಿರಿಜಾ ನಿಂತೇ ಓದಿದಳು, ಆಮೇಲೆ ಕೂತಳು. ಅರ್ಜಿಯನ್ನು ಬದಿಗಿಟ್ಟಿದ್ದರು. ತಪಾಸಣೆಗೆ ಬಂದವಳಿಗೆ ಹಣ ಮತ್ತು ಸಾಮಾನು ಕೊಟ್ಟಿದ್ದಾರೆ, ಅವಳು ಅದನ್ನು ಕಚೇರಿಗೆ ಒಪ್ಪಿಸಿದ್ದಾಳೆ, ಹೇಳುವುದೇನಾದರೂ ಇದ್ದರೆ ಹತ್ತು ದಿನದೊಳಗೆ ಬಂದು ಹೇಳಬೇಕು ಎಂದು ಬರೆದಿತ್ತು.

ಸಂಜೆ ಈರಪ್ಪನವರು ಬಂದು ಓದಿದರು. "ತೆರಿಗಿ ಬಿಡಸ್ಕೊಂಡ ಮನಿ ಅವು. ಕಡತದಾಗ ಒಂದು ಕಪ್ಪು ಕಲಿ ಇದ್ರ ಎಲ್ಲಾರಿಗೂ ಭಯ," ಅಂದರು. ನನಗೆ ಒಂದು ಮಾತು ಅನ್ನಲಿಲ್ಲ. ಊಟಕ್ಕೂ ಕೂರಲಿಲ್ಲ.

ಅಂದದ್ದು ಗಿರಿಜಾ. ಮರುದಿನ ಅಕ್ಕಿ ಆರಿಸುತ್ತ, ತಲೆ ಎತ್ತದೆ ಅಂದಳು. "ಊರಾಗ ಕೊಡಬೇಕಾಗಿದ್ದಾಗ ಕೊಡಲಿಲ್ಲ. ಇಲ್ಲಿ ಕೊಡಬಾರದಲ್ಲೆ ಕೊಡಿಸಿದಿ. ಎರಡೂ ಸಲ ಮನಿ ನಂದ ಹೋತು."

ಆ ಕಿಟಕಿಯಿಲ್ಲದ ಕೋಣೆಯಲ್ಲಿ ಎದ್ದು ಹೋಗಲು ಇನ್ನೊಂದು ಜಾಗ ಇರಲಿಲ್ಲ. ಅವಳ ಎದುರಿಗೇ ಕೂತು ನಾನೂ ಅಕ್ಕಿ ಆರಿಸಿದೆ. ಆರಿಸುತ್ತ ಆರಿಸುತ್ತ ಒಂದು ತೀರ್ಮಾನಕ್ಕೆ ಬಂದೆ. ಹಾನಗಲ್ಲಿನ ಕಚೇರಿಯ ಮೆಟ್ಟಿಲು ನಾನು ಹತ್ತಲಿಲ್ಲ. ಇದನ್ನು ಹತ್ತುತ್ತೇನೆ.

"ನಾನೂ ಬರ್ತೇನಿ. ನಾನ ಮಾತಾಡ್ತೇನಿ," ಅಂದೆ.

ಗಿರಿಜಾ ತಲೆ ಎತ್ತಿದಳು. "ನೀನು?"

ಕಚೇರಿ

ಮೂವರೂ ಹೋದೆವು. ಕ್ಯಾರಲ್ ಇದ್ದಳು. ಅವಳಿಗಿಂತ ಮೇಲಿನವರು ಒಬ್ಬ ವಯಸ್ಸಾದ ಗೃಹಸ್ಥರು, ಚಷ್ಮವನ್ನು ದಾರದಿಂದ ಎದೆಯ ಮೇಲೆ ಇಳಿಬಿಟ್ಟಿದ್ದರು. ಮೇಜಿನ ಮೇಲೆ ನಮ್ಮ ಉಡಿ ಇತ್ತು. ಅಕ್ಕಿ ಒಂದು ಚೀಲದಲ್ಲಿ, ಖಣ ಇನ್ನೊಂದರಲ್ಲಿ, ನೋಟು ಲಕೋಟೆಯಲ್ಲಿ. ತೆಂಗಿನಕಾಯಿಗೆ ಒಂದು ಚೀಟಿ ಕಟ್ಟಿ ಅದರ ಮೇಲೆ ಗಿರಿಜಾಳ ಕಡತದ ನಂಬರು ಬರೆದಿದ್ದರು. ನಂಬರು ಕಟ್ಟಿಸಿಕೊಂಡ ತೆಂಗಿನಕಾಯಿಯನ್ನು ನಾನು ಅದೇ ಮೊದಲು ಕಂಡದ್ದು.

ಅವರು ಕೇಳಿದ್ದನ್ನು ಗಿರಿಜಾ ನನಗೆ ಹೇಳುತ್ತಿದ್ದಳು, ನನ್ನ ಮಾತನ್ನು ಅವರಿಗೆ ಹೇಳುತ್ತಿದ್ದಳು. ಇದನ್ನು ಕೊಟ್ಟು ನೀವು ಏನು ಬಯಸಿದಿರಿ ಎಂದು ಗೃಹಸ್ಥರು ಕೇಳಿದರು.

ನಾನೇ ಹೇಳಿದೆ. "ಏನೂ ಬಯಸಿಲ್ರಿ. ಒಬ್ಬಾಕಿ ಮನಿಯಿಂದ ಎದ್ದು ಹೊಂಟ್ಲು. ಖಾಲಿ ಕಳಸಬಾರದು ಅಂತ ಕೊಡಿಸೀನಿ."

ಎಲ್ಲರೂ ಹಾಗೇ ಹೇಳುತ್ತಾರೆ, ಅಂದರು ಅವರು. ಸಿಟ್ಟಿನಿಂದ ಅಲ್ಲ, ಬೇಸರದಿಂದ.

ನಾನು ನೆಲ ನೋಡಿದೆ. ಆಗ ಡೋರಿಸ್ ಅಕ್ಕಿ ಚೆಲ್ಲದ ಹಾಗೆ ಹಿತ್ತಲು ದಾಟಿದ್ದು ಕಣ್ಣಿಗೆ ಬಂತು.

"ಡೋರಿಸನ ಕೇಳ್ರಿ. ಅಕೀಗೂ ಇದನ್ನ ಕೊಟ್ಟೇವಿ. ಅಕಿ ನಮ್ಮನ್ನ ಹೊರಗ ಹಾಕಾಕ ನಿಂತಾಕಿ. ಒಂದು ದಿನ ಹೆಚ್ಚಿಗಿ ಇರ್ತೇವಿ ಅಂತ ನಾವು ಅಕೀನ್ನ ಕೇಳಿಲ್ಲ. ಹೊರಗ ಹಾಕಾಕೀಗೂ ಅದ ಉಡಿ, ಒಳಗ ಕರಿಯಾಕೀಗೂ ಅದ ಉಡಿ."

ಗಿರಿಜಾ ಇದನ್ನು ಒಂದೊಂದೇ ಮಾತಾಗಿ ಅವರಿಗೆ ಹೇಳಿದಳು. ಗೃಹಸ್ಥರು ನಂಬರು ಕೇಳಿ ಅಲ್ಲಿಂದಲೇ ಡೋರಿಸಳಿಗೆ ಫೋನು ಮಾಡಿದರು. ಬಹಳ ಹೊತ್ತು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಸಡಿಲವಾಯಿತು. ಡೋರಿಸ್ ಖಣವನ್ನು ತನ್ನ ನಾಯಿಯ ಫೋಟೋದ ಕೆಳಗೆ ಹಾಸಿದ್ದಾಳಂತೆ. ನೋಟನ್ನು ಏನು ಮಾಡಬೇಕೆಂದು ತಿಳಿಯದೆ ಅದರಡಿಯಲ್ಲೇ ಇಟ್ಟಿದ್ದಾಳಂತೆ. ಆ ಜನ ತನ್ನನ್ನು ಏನೂ ಕೇಳಲಿಲ್ಲ, ಅಕ್ಕಿಯನ್ನು ಹಸಿಯೇ ತಿನ್ನಬೇಕೋ ಬೇಯಿಸಬೇಕೋ ಎಂದು ತಾನೇ ಅವರನ್ನು ಕೇಳಬೇಕೆಂದಿದ್ದಳಂತೆ.

ಅವರು ಫೋನು ಇಟ್ಟು ಬರೆಯತೊಡಗಿದರು. ಇದನ್ನು ಮೇಲಿನವರಿಗೆ ಕಳಿಸುತ್ತೇನೆ, ಅವರು ಒಪ್ಪಿದರೆ ಅರ್ಜಿ ಮತ್ತೆ ಸಾಲಿಗೆ ಬರುತ್ತದೆ, ಆದರೆ ಕೊಟ್ಟ ಸಾಮಾನು ಕೊಟ್ಟವರಿಗೆ ತಿರುಗಿ ಮುಟ್ಟಿತೆಂದು ಸಹಿಯಾಗಬೇಕು, ಅಂದರು. ಕೊಟ್ಟವರು ಯಾರು ಎಂದು ಬರೆಯಲಿ?

ಗಿರಿಜಾ ತನ್ನ ಹೆಸರು ಹೇಳಲು ಹೊರಟಳು. ನಾನು ಅವಳ ಕೈ ಹಿಡಿದೆ.

"ಕೈ ಅಕೀದು, ಮಾತು ನಂದು. ಗಂಗವ್ವ ಅಂತ ಬರಕೊಳ್ರಿ."

ಒಂದು ಕಚೇರಿಯಲ್ಲಿ ನಾನು ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ತಿರುಗಿ ಬಂದದ್ದು

ಎರಡು ವಾರದಲ್ಲಿ ಗಿರಿಜಾ ಹೆತ್ತಳು. ಹೆಣ್ಣು. ಹಿರೇಕೆರೂರಿನ ಕುಂಚಿಗೆ ಕೂಸಿನ ತಲೆಗೆ ದೊಡ್ಡದಾಗಿ ಕಣ್ಣಿನವರೆಗೆ ಇಳಿಯುತ್ತಿತ್ತು. ಎಣ್ಣೆ ಕಲೆಯ ಮೇಲಿನ ಚಾಪೆಯಲ್ಲೇ ಬೋಗುಣಿ ಇಟ್ಟು ಕೂಸಿಗೆ ನೀರೆರೆದು, ಕಿಟಕಿಯಿಲ್ಲದ ಆ ಕೋಣೆಯಲ್ಲೇ ಧೂಪದ ಹೊಗೆ ಹಾಕಿದೆ. ಅದಕ್ಕೆ ಡೋರಿಸ್ ಬೆಂಕಿ ಹತ್ತಿತೆಂದು ಓಡಿಬಂದಳು. ಇಪ್ಪತ್ತೆರಡನೆಯ ದಿನ ಕಚೇರಿಯಿಂದ ಕರೆ ಬಂತು. ಮೇಲಿನವರು ಒಪ್ಪಿದ್ದರು. ಬಾಣಂತಿಯನ್ನು ಹೊರಡಿಸುವ ಹಾಗಿರಲಿಲ್ಲ. ಡೋರಿಸಳನ್ನು ಅವಳ ಹತ್ತಿರ ಕೂರಿಸಿ ಈರಪ್ಪನವರು ಮತ್ತು ನಾನು ಹೋದೆವು.

ಕ್ಯಾರಲ್ ಒಬ್ಬಳೇ ಇದ್ದಳು. ಮೊದಲು ನನ್ನ ಸಾಮಾನು ಮುಟ್ಟಬೇಕು, ಆಮೇಲೆ ಕೀಲಿಕೈಯ ಕಾಗದ, ಅಂದಳು. ಚೀಲಗಳನ್ನು ಮೇಜಿನ ಮೇಲಿಟ್ಟಳು. ನಾನು ಕೈಚಾಚಿದೆ. ಅವಳು ತಲೆ ಅಲ್ಲಾಡಿಸಿ ಈರಪ್ಪನವರಿಗೆ ಏನೋ ಹೇಳಿದಳು. ಆಮೇಲೆ ತನ್ನ ಕೋಟಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ನನಗೆ ತೋರಿಸಿದಳು. ಗಿರಿಜಾ ಆ ದಿನ ಕಲಿಸಿದ್ದನ್ನು ಅವಳು ಮರೆತಿರಲಿಲ್ಲ. ಇದನ್ನು ಕೈಗೆ ಕೊಡುವುದಿಲ್ಲವಲ್ಲ.

ನಾನು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡೆ. "ನನಗಲ್ಲ ಅಂತ ಹೇಳ್ರಿ," ಅಂದೆ. "ನನಗ ಹಾಕಬಾರದು. ನಾನು ಅಂಥಾಕಿ ಅಲ್ಲ ಅಂತ ಹೇಳ್ರಿ ಅಕೀಗೆ."

ಈರಪ್ಪನವರು ಹೇಳಲಿಲ್ಲ. ಕ್ಯಾರಲಳನ್ನು ನೋಡಿದರು, ನನ್ನನ್ನು ನೋಡಿದರು. ಆ ಕಾಗದ ಬಂದ ದಿನದಿಂದ ಅವರು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಮೆಲ್ಲಗೆ ಅಂದರು.

"ಹಿಡೀರಿ ಅತ್ತಿಯವರ."

"ಬ್ಯಾಡ್ರಿ."

"ಸೆರಗ ಹಿಡೀರಿ. ನಾ ಏನೂ ಹೇಳೂದಿಲ್ಲ ಅಕೀಗೆ."

ಹಿಡಿದೆ. ಕ್ಯಾರಲ್ ಮೊದಲು ಅಕ್ಕಿ ಹಾಕಿದಳು. ಚೀಲ ಬೋರಲು ಹಾಕಲಿಲ್ಲ, ಗಿರಿಜಾ ಹಾಕಿದ ಹಾಗೆ ಬೊಗಸೆಯಲ್ಲಿ ತುಂಬಿ ತುಂಬಿ ಹಾಕಿದಳು. ಚೀಟಿ ಬಿಚ್ಚಿ ಕಾಯಿ ಇಟ್ಟಳು. ಅದರ ಮೇಲೆ ಹಸಿರು ಖಣ, ಅದರ ಮೇಲೆ ಆ ನೋಟು. ಹದಿನಾರು ವರ್ಷ ನನ್ನ ಉಡಿಯಲ್ಲಿ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ಎಷ್ಟು ಭಾರವಿರುತ್ತದೆಂಬುದೇ ಮರೆತುಹೋಗಿತ್ತು. ಸಹಿ ಮಾಡಲು ಕೈ ಬಿಡುವಿರಲಿಲ್ಲ. ಸೆರಗಿನ ಒಂದು ತುದಿಯನ್ನು ಈರಪ್ಪನವರು ಹಿಡಿದುಕೊಂಡರು, ನಾನು ಕನ್ನಡದಲ್ಲಿ ಗಂಗವ್ವ ಎಂದು ಬರೆದೆ.

ಮುಂದಿನ ತಿಂಗಳು ಗಿರಿಜಾ ಆ ಕಟ್ಟಿಗೆಯ ಮನೆಗೆ ಹೋದಳು. ಎರಡು ಕೋಣೆ, ಮೂರು ಕಿಟಕಿ, ಒಳಗೇ ಬಚ್ಚಲು. ಆ ಕಾಯಿಯನ್ನು ಹೊಸ್ತಿಲಲ್ಲಿ ಒಡೆದೆವು. ಆ ಅಕ್ಕಿಯಿಂದಲೇ ಮೊದಲ ಅನ್ನ ಮಾಡಿದೆ. ನೋಟನ್ನು ಕೂಸಿನ ತೊಟ್ಟಿಲಲ್ಲಿ ಇಟ್ಟೆ. ಗಿರಿಜಾ ಒಂದೊಂದು ಕಿಟಕಿಯನ್ನೂ ತೆರೆದು, ಹಾಕಿ, ಮತ್ತೆ ತೆರೆದು ನೋಡಿದಳು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, "ಹಾಸಿಗಿ ಸುತ್ತೂದು ಬ್ಯಾಡವ್ವಾ ಇನ್ನ," ಅಂದಳು. ಮತ್ತೆ ಆ ಹಳೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಖಣವನ್ನು ಮಾತ್ರ ನಾನು ತಂದೆ. ಹಿಂದೆ ಬಂದ ಉಡಿಯನ್ನು ಇಟ್ಟುಕೊಳ್ಳಬಾರದು ಎನ್ನುವವರು ನಮ್ಮಲ್ಲಿ ಇದ್ದಾರೆ. ಅದಕ್ಕೇ ಯಾರಿಗೂ ತೋರಿಸಲಿಲ್ಲ.

ನೀಲಾ, ಅದು ಯಾರಿಗೆ ಇಟ್ಟದ್ದು ಎಂದು ಕೇಳಿದೆ. ಯಾರಿಗೂ ಇಟ್ಟದ್ದಲ್ಲ ಮಗಳೇ. ಅದು ನನಗೆ ಕೊಟ್ಟದ್ದು.